ಪೆಟ್ಟು ತಿಂದ ಲಾರಿ ಟೈರ್: ಓಡಿಸಬಹುದೇ, ಇಳಿಸಬೇಕೇ?

ಟೈರಿನ ಸೈಡ್‌ವಾಲ್ (ಪಕ್ಕದ ಗೋಡೆ) ಮೇಲೆ ಎರಡು ಬೆರಳುದ್ದದ ಸೀಳು. ಒಳಗೆ ಮಣ್ಣು ತುಂಬಿಕೊಂಡಿದೆ. ಚಾಲಕ ಬಗ್ಗಿ ನೋಡಿ, ಉಗುರಿನಿಂದ ಒಮ್ಮೆ ಕೆರೆದು, "ಗಾಳಿ ಇಳಿದಿಲ್ಲ, ಹೋಗುತ್ತದೆ ಬಿಡಿ" ಎನ್ನುತ್ತಾನೆ. ಲಾರಿಗಳ ನಿರ್ವಹಣೆಯಲ್ಲಿ ಕಳೆದ ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಎಷ್ಟೋ ಸಲ ತೀರ್ಮಾನ ಸರಿಯಾಗಿಯೇ ಇರುತ್ತದೆ, ಆದರೆ ಅದಕ್ಕೆ ಕೊಟ್ಟ ಕಾರಣ ಪ್ರತಿ ಸಲವೂ ತಪ್ಪು. ಗಾಳಿ ಸೋರದಂತೆ ನೋಡಿಕೊಳ್ಳುವುದು ಟೈರಿನ ಒಳಮೈಯ ತೆಳುವಾದ ರಬ್ಬರ್ ಪದರ. ಆ ಗಾಳಿಯ ಒತ್ತಡವನ್ನು ತಡೆದು ನಿಲ್ಲುವುದು ಅದರ ಹಿಂದಿರುವ ಉಕ್ಕಿನ ತಂತಿಗಳು. ಹತ್ತಾರು ತಂತಿ ತುಂಡಾಗಿದ್ದರೂ ಒಳಪದರ ಹರಿಯುವವರೆಗೆ ಗೇಜಿನ ಮುಳ್ಳು ಅಲುಗುವುದಿಲ್ಲ.

ಆದ್ದರಿಂದ ಹಾನಿಯಾದ ಟೈರಿನ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆಗಳು ಎರಡೇ. ಪೆಟ್ಟು ತಂತಿಯವರೆಗೆ ಹೋಗಿದೆಯೇ? ಈ ಟೈರ್ ಗಾಳಿ ಕಡಿಮೆಯಿದ್ದಾಗ ಭಾರ ಹೊತ್ತು ಓಡಿದೆಯೇ? ಮೊದಲನೆಯದಕ್ಕೆ ಉತ್ತರ ಹೊರಗಿನಿಂದಲೇ ಸಿಗುತ್ತದೆ. ಎರಡನೆಯದಕ್ಕೆ ಹಲವು ಸಲ ಟೈರನ್ನು ರಿಮ್‌ನಿಂದ ಬಿಚ್ಚಬೇಕಾಗುತ್ತದೆ. ಜನ ಸೋಮಾರಿತನ ಮಾಡುವುದು ಇಲ್ಲಿಯೇ.

ಮುಟ್ಟುವ ಮೊದಲು

ಲಾರಿ ಟೈರಿನಲ್ಲಿ ಸಾಮಾನ್ಯವಾಗಿ 100ರಿಂದ 130 ಪಿಎಸ್‌ಐ (ಒಂದು ಚದರ ಇಂಚಿಗೆ ಎಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಗಾಳಿ ಇರುತ್ತದೆ. 120 ಪಿಎಸ್‌ಐ ಎಂದರೆ ಒಂದು ಚದರ ಅಡಿ ಜಾಗದ ಮೇಲೆ ಏಳೂವರೆ ಟನ್‌ಗೂ ಮೀರಿದ ಬಲ. ಸೈಡ್‌ವಾಲ್ ಸಿಡಿದರೆ ಆ ಬಲ ಪಕ್ಕಕ್ಕೆ, ಅಂದರೆ ನೀವು ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿರುವ ಕಡೆಗೇ ನುಗ್ಗುತ್ತದೆ. ಹಾಗಾಗಿ ಟೈರಿಗೆ ಎದೆಯೊಡ್ಡಿ ಕೂರಬೇಡಿ. ಟ್ರೆಡ್‌ನ, ಅಂದರೆ ರಸ್ತೆಗೆ ತಾಗುವ ಮೈಯ ನೇರಕ್ಕೆ ನಿಂತು, ಅಲ್ಲಿಂದ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ.

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ. ಕೈಗೆ ದಪ್ಪ ಚರ್ಮದ ಗವಸು ಇರಲಿ. ಹೊರಬಂದ ಉಕ್ಕಿನ ತಂತಿಯ ತುದಿ ಸೂಜಿಗಿಂತ ಚೂಪು. ಬ್ರೇಕ್ ಕಚ್ಚಿಕೊಂಡು ಓಡಿ ಹೊಗೆಯಾಡುತ್ತಿರುವ ಚಕ್ರದ ಹತ್ತಿರ ಹೋಗಲೇಬೇಡಿ. ಹೊರಗೆ ಬೆಂಕಿ ಆರಿದ ಮೇಲೂ ಟೈರಿನೊಳಗೆ ರಬ್ಬರ್ ಬೆಂದು ಅನಿಲ ಹುಟ್ಟುತ್ತಿರಬಹುದು. ಸಾಕಷ್ಟು ಹೊತ್ತು ಕಳೆದ ಮೇಲೂ ಅಂಥ ಟೈರ್ ಸ್ಫೋಟಿಸಬಲ್ಲದು. ಟೈರ್ ಇರುವಾಗ ರಿಮ್ ಮೇಲೆ ವೆಲ್ಡಿಂಗ್ ಮಾಡಬಾರದು ಎನ್ನುವುದೂ ಇದೇ ಕಾರಣಕ್ಕೆ. ಗಾಳಿ ಬಿಟ್ಟು ಮಾಡುತ್ತೇವೆ ಎಂದರೂ ಬೇಡ.

ಸಲಕರಣೆ ಹೆಚ್ಚೇನೂ ಬೇಡ. ನಂಬಿಕೆಗೆ ಅರ್ಹವಾದ ಗಾಳಿ ಗೇಜ್, ಟ್ರೆಡ್ ಆಳ ಅಳೆಯುವ ಗೇಜ್, ಟಾರ್ಚ್, ತುದಿ ಮೊಂಡಾದ ದಬ್ಬಳ, ಸೋಪಿನ ನೀರು, ಗುರುತು ಹಾಕಲು ಸೀಮೆಸುಣ್ಣ.

ಹೆಜ್ಜೆ 1: ಗಾಳಿಯ ಲೆಕ್ಕ

ಟೈರ್ ತಣ್ಣಗಿರುವಾಗ ಅಳೆಯಿರಿ. ಓಡಿ ಬಂದ ಟೈರಾದರೆ ಕನಿಷ್ಠ ಮೂರು ಗಂಟೆ ಬಿಡಬೇಕು. ಬಿಸಿಯಾದಾಗ ಒತ್ತಡ ಹತ್ತು ಹದಿನೈದು ಪ್ರತಿಶತ ಏರುವುದು ಸಹಜ. ಹೆಚ್ಚಾಗಿದೆ ಎಂದು ಆಗ ಗಾಳಿ ಬಿಟ್ಟರೆ, ತಣ್ಣಗಾದ ಮೇಲೆ ಕಡಿಮೆಯಾಗಿರುತ್ತದೆ. ರಾಡಿನಿಂದ ಟೈರಿಗೆ ಬಡಿದು ಸದ್ದಿನಿಂದ ಗಾಳಿ ಹೇಳುವವರನ್ನು ನಾನೂ ಕಂಡಿದ್ದೇನೆ. ಪೂರ್ತಿ ಇಳಿದ ಟೈರನ್ನು ಅವರು ಸರಿಯಾಗಿಯೇ ಗುರುತಿಸುತ್ತಾರೆ. 110 ಮತ್ತು 80ರ ನಡುವಿನ ವ್ಯತ್ಯಾಸವನ್ನು ಯಾರ ಕಿವಿಯೂ ಹೇಳುವುದಿಲ್ಲ.

ಆದರೆ ನಮಗೆ ಬೇಕಾದದ್ದು ಆ ವ್ಯತ್ಯಾಸವೇ. ಇರಬೇಕಾದ ಒತ್ತಡದ 80 ಪ್ರತಿಶತಕ್ಕೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿದು ಓಡಿದ ಟೈರನ್ನು ಈ ವೃತ್ತಿಯಲ್ಲಿ ಗಾಳಿಯಿಲ್ಲದೆ ಓಡಿದ ಟೈರ್ ಎಂದೇ ಲೆಕ್ಕ ಹಾಕುತ್ತಾರೆ. 110 ಇರಬೇಕಾದಲ್ಲಿ 88 ಇದ್ದರೆ ಗಡಿ ಮುಟ್ಟಿದಂತೆ. ಅಂಥ ಟೈರಿಗೆ ಅಲ್ಲೇ ಗಾಳಿ ತುಂಬಬೇಡಿ. ಅದನ್ನು ಬಿಚ್ಚಿ ಒಳಗೆ ನೋಡಬೇಕು. ಹೇಗೆಂದು ಮುಂದೆ ಬರುತ್ತದೆ.

ಹೆಜ್ಜೆ 2: ಸೀಳಿನ ಆಳ

ಇಡೀ ಕೆಲಸದಲ್ಲಿ ಅತಿ ತಾಳ್ಮೆ ಬೇಡುವ ಭಾಗ ಇದು. ಮೊದಲು ಸೀಳಿನಿಂದ ಮಣ್ಣು, ಕಲ್ಲಿನ ಪುಡಿ ತೆಗೆದು ಒರೆಸಿ. ಸೀಳು ಆಳವಾಗಿದೆ ಅನ್ನಿಸಿದರೆ ಕೆದಕುವ ಮೊದಲೇ ವಾಲ್ವ್ ಕೋರ್ (ವಾಲ್ವ್‌ನೊಳಗೆ ಗಾಳಿ ತಡೆಯುವ ಪುಟ್ಟ ತಿರುಪು) ಬಿಚ್ಚಿ ಗಾಳಿ ಬಿಡಿ. ನಂತರ ಮೊಂಡು ದಬ್ಬಳದಿಂದ ತುಟಿಗಳನ್ನು ಅಗಲಿಸಿ ಟಾರ್ಚ್ ಬಿಡಿ. ಕಪ್ಪು ರಬ್ಬರ್ ಮಾತ್ರ ಕಂಡರೆ, ತಳ ದುಂಡಗೆ ಮುಗಿದಿದ್ದರೆ, ಅದು ಮೇಲ್ಮೈ ಗಾಯ. ತಳದಲ್ಲಿ ಸಾಲಾಗಿ ಸಣ್ಣ ಸಣ್ಣ ಗೆರೆಗಳು ಕಂಡರೆ, ಅವು ಹಿತ್ತಾಳೆಯ ಬಣ್ಣಕ್ಕೆ ಹೊಳೆದರೆ ಅಥವಾ ತುಕ್ಕಿನಿಂದ ಕೆಂಚಗಾಗಿದ್ದರೆ, ತಂತಿ ಸಿಕ್ಕಿತು. ಆ ಹಿತ್ತಾಳೆ ಬಣ್ಣ ನಿಜವಾಗಿಯೂ ಹಿತ್ತಾಳೆಯದೇ. ರಬ್ಬರ್ ಚೆನ್ನಾಗಿ ಅಂಟಲೆಂದು ಉಕ್ಕಿನ ತಂತಿಗೆ ಹಿತ್ತಾಳೆಯ ಲೇಪ ಕೊಟ್ಟಿರುತ್ತಾರೆ. ಹಳೆಯ ಮಾದರಿಯ ನೈಲಾನ್ ಟೈರಾದರೆ ತಂತಿಯ ಬದಲು ಬಟ್ಟೆಯ ದಾರದಂತಹ ಎಳೆ ಕಾಣುತ್ತದೆ. ಎರಡಕ್ಕೂ ತೀರ್ಪು ಒಂದೇ: ಇಳಿಸಿ.

ದಬ್ಬಳದ ತುದಿಯೂ ಮಾತಾಡುತ್ತದೆ. ರಬ್ಬರ್ ಮೇಲೆ ಎಳೆದರೆ ಮೆತ್ತಗೆ ಜಾರುತ್ತದೆ, ತಂತಿಯ ಮೇಲೆ ಎಳೆದರೆ ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ ಕರಕರ ಎನ್ನುತ್ತದೆ. ಬೆಳಕು ಸಾಲದ ಕಡೆ ಕಣ್ಣಿಗಿಂತ ಈ ಸ್ಪರ್ಶವನ್ನೇ ನಾನು ಹೆಚ್ಚು ನಂಬುತ್ತೇನೆ.

ಸೀಳಿನ ದಿಕ್ಕನ್ನೂ ಗಮನಿಸಿ. ರೇಡಿಯಲ್ ಟೈರಿನ ಸೈಡ್‌ವಾಲ್‌ನಲ್ಲಿ ತಂತಿಗಳು ಒಂದು ಬೀಡ್‌ನಿಂದ (ರಿಮ್‌ಗೆ ಕಚ್ಚಿಕೊಳ್ಳುವ ಟೈರಿನ ಅಂಚು) ಇನ್ನೊಂದು ಬೀಡ್‌ಗೆ, ಸೈಕಲ್ ಚಕ್ರದ ಕಡ್ಡಿಗಳಂತೆ ಹರಡಿರುತ್ತವೆ. ಕಡ್ಡಿಯ ಉದ್ದಕ್ಕೇ ಬಿದ್ದ ಸೀಳು ಒಂದೆರಡು ತಂತಿ ಮುಟ್ಟಬಹುದು. ಅಷ್ಟೇ ಉದ್ದದ ಸೀಳು ಟೈರಿನ ಸುತ್ತಳತೆಯ ಗುಂಟ ಬಿದ್ದರೆ ಸಾಲು ಸಾಲು ತಂತಿಗಳನ್ನು ಅಡ್ಡ ಕತ್ತರಿಸಿರುತ್ತದೆ. ಫುಟ್‌ಪಾತ್‌ನ ಕಲ್ಲಿಗೆ ಉಜ್ಜಿ ಆಗುವ ಗಾಯಗಳು ಹೆಚ್ಚಾಗಿ ಈ ಎರಡನೆಯ ಬಗೆಯವು.

ಉದ್ದ ಎಷ್ಟಿದ್ದರೆ ಅಪಾಯ? ದೇಶದಿಂದ ದೇಶಕ್ಕೆ ನಿಯಮ ಬೇರೆ. ಬ್ರಿಟನ್ನಿನಲ್ಲಿ 25 ಮಿಲಿಮೀಟರ್ ಅಥವಾ ಟೈರಿನ ಅಗಲದ 10 ಪ್ರತಿಶತ, ಇವುಗಳಲ್ಲಿ ಯಾವುದು ದೊಡ್ಡದೋ ಅದನ್ನು ಮೀರಿ, ತಂತಿ ಮುಟ್ಟುವಷ್ಟು ಆಳವಾಗಿರುವ ಸೀಳು ಕಾನೂನುಬಾಹಿರ. ಅಮೆರಿಕದ ನಿಯಮ ಉದ್ದವನ್ನು ಕೇಳುವುದೇ ಇಲ್ಲ. ಸೀಳಿನಲ್ಲಿ ತಂತಿಯ ಪದರವೋ ಬೆಲ್ಟೋ (ಟ್ರೆಡ್‌ನ ಕೆಳಗಿನ ಉಕ್ಕಿನ ಪಟ್ಟಿ) ಕಂಡರೆ ಆ ಟೈರಿನಲ್ಲಿ ಓಡಿಸುವಂತಿಲ್ಲ. ದಿನನಿತ್ಯದ ಕೆಲಸಕ್ಕೆ ಎರಡನೆಯದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಸೀಳು ಚಿಕ್ಕದಿದ್ದರೂ ಅದರ ಮೂಲಕ ಇಳಿದ ನೀರು ತಂತಿಯ ಹೆಣಿಗೆಯ ಸಂದಿನಲ್ಲಿ ಉದ್ದಕ್ಕೂ ಹರಿಯುತ್ತದೆ. ತುಕ್ಕು ಹಿಡಿದ ತಂತಿಯಿಂದ ರಬ್ಬರ್ ಬಿಟ್ಟುಕೊಳ್ಳುತ್ತದೆ. ಒಂದು ಮಳೆಗಾಲ ಕಳೆದ ಸಣ್ಣ ಗಾಯ ಮೊನ್ನೆ ಬಿದ್ದ ದೊಡ್ಡ ಗಾಯಕ್ಕಿಂತ ಕೆಟ್ಟದ್ದಾಗಿರಬಹುದು.

ಮೇಲ್ಮೈ ಗಾಯವೆಂದು ಬಿಟ್ಟ ಸೀಳಿನ ಎರಡೂ ತುದಿಗೆ ಸೀಮೆಸುಣ್ಣದಿಂದ ಗೆರೆ ಎಳೆದು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ವಾರ ಬಿಟ್ಟು ನೋಡಿದಾಗ ಗೆರೆ ದಾಟಿ ಬೆಳೆದಿದ್ದರೆ ಬೇರೆ ಪರೀಕ್ಷೆ ಬೇಡ.

ಹೆಜ್ಜೆ 3: ಉಬ್ಬು, ತಗ್ಗು, ಬಿರುಕು

ಸೈಡ್‌ವಾಲ್‌ನಲ್ಲಿ ಉಬ್ಬು ಕಂಡರೆ ಚರ್ಚೆ ಮುಗಿಯಿತು. ಆ ಜಾಗದಲ್ಲಿ ತಂತಿ ಮುರಿದಿದೆ, ಅಥವಾ ಪದರಗಳು ಬೇರ್ಪಟ್ಟು ನಡುವೆ ಗಾಳಿ ಸೇರಿದೆ. ಗುಂಡಿಗೆ ಜೋರಾಗಿ ಬಿದ್ದಾಗ ರಿಮ್ ಮತ್ತು ಗುಂಡಿಯ ಅಂಚಿನ ನಡುವೆ ಸೈಡ್‌ವಾಲ್ ಚಿವುಟಿಕೊಂಡು ಹೀಗಾಗುತ್ತದೆ. ಹೊರಗೆ ಒಂದು ಗೀರೂ ಇಲ್ಲದಿರಬಹುದು.

ತಗ್ಗು ಬೇರೆ ವಿಷಯ. ಬೀಡ್‌ನಿಂದ ಭುಜದವರೆಗೆ (ಸೈಡ್‌ವಾಲ್ ಟ್ರೆಡ್‌ಗೆ ಕೂಡುವ ಅಂಚು) ನೇರವಾಗಿ ಓಡುವ ಆಳವಿಲ್ಲದ ಕಣಿವೆಯಂತಹ ಗೆರೆ ರೇಡಿಯಲ್ ಟೈರುಗಳಲ್ಲಿ ಸಾಮಾನ್ಯ. ಪದರದ ಎರಡು ಅಂಚು ಒಂದರ ಮೇಲೊಂದು ಕೂಡುವ ಕಡೆ ಅದು ಮೂಡುತ್ತದೆ, ತೊಂದರೆಯಿಲ್ಲ. ಹೊಸಬರು ಇದನ್ನು ಕಂಡು ಹೆದರಿ ಒಳ್ಳೆಯ ಟೈರ್ ಎಸೆದದ್ದನ್ನೂ, ಉಬ್ಬನ್ನು ಇದೇ ಲೆಕ್ಕಕ್ಕೆ ಸೇರಿಸಿ ಓಡಿಸಿದ್ದನ್ನೂ ನೋಡಿದ್ದೇನೆ. ಬೆರಳಾಡಿಸಿದರೆ ಗೊಂದಲ ಉಳಿಯದು: ಒಳಕ್ಕೆ ಹೋದರೆ ಇರಲಿ, ಹೊರಕ್ಕೆ ಬಂದರೆ ಇಳಿಸಿ.

ಬಿಸಿಲಿಗೆ ಮೂಡುವ ಕೂದಲೆಳೆಯ ಬಿರುಕುಗಳು ಮೇಲ್ಮೈಯಲ್ಲಿದ್ದರೆ ನಡೆಯುತ್ತದೆ. ಒಂದೂವರೆ ಮಿಲಿಮೀಟರ್ ದಾಟಿ ಆಳಕ್ಕೆ ಇಳಿದಿದ್ದರೆ ನಾನು ತೆಗೆಸುತ್ತೇನೆ. ಟೈರಿನ ವಯಸ್ಸು ಸೈಡ್‌ವಾಲ್ ಮೇಲೆಯೇ ಇರುತ್ತದೆ: DOT ಎಂಬ ಅಕ್ಷರಗಳಿಂದ ಶುರುವಾಗುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 2319 ಎಂದರೆ 2019ರ 23ನೇ ವಾರ.

ಹೆಜ್ಜೆ 4: ಮೊಳೆ ಮತ್ತು ತೂತು

ಟ್ರೆಡ್‌ನ ನಡುಭಾಗದಲ್ಲಿ ನಾಟಿದ ಮೊಳೆ ಲಾರಿ ಟೈರಿಗೆ ಮರಣಶಾಸನವಲ್ಲ. ತೂತಿನ ಅಗಲ 10 ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯ ಪಂಕ್ಚರ್ ರಿಪೇರಿ ಸಾಕು. ಆದರೆ ರಿಪೇರಿ ಎಂದರೆ ಯಾವುದು? ಹೊರಗಿನಿಂದ ಅಂಟಿನ ಬತ್ತಿ ತುರುಕಿ ಕತ್ತರಿಸುವುದು ಗಾಳಿಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ, ಅಷ್ಟೆ. ಸರಿಯಾದ ಕ್ರಮದಲ್ಲಿ ಟೈರ್ ಬಿಚ್ಚಿ, ಒಳಗಡೆ ನೋಡಿ, ತೂತನ್ನು ಕೊರೆದು ತುಕ್ಕು ಹಿಡಿದ ತುಣುಕು ತೆಗೆದು, ತೂತು ತುಂಬುವ ರಬ್ಬರ್ ಕಾಂಡ ಮತ್ತು ಒಳಮೈ ಮುಚ್ಚುವ ಪ್ಯಾಚ್ ಎರಡನ್ನೂ ಹಾಕುತ್ತಾರೆ. ಪ್ಯಾಚ್ ಗಾಳಿ ತಡೆಯುತ್ತದೆ, ಕಾಂಡ ನೀರು ತಡೆಯುತ್ತದೆ. ಎರಡರಲ್ಲಿ ಒಂದನ್ನು ಬಿಟ್ಟರೆ ಅರ್ಧ ಕೆಲಸ.

ಭುಜದ ಅಂಚಿನಲ್ಲಿ, ಸೈಡ್‌ವಾಲ್‌ನಲ್ಲಿ ಆದ ತೂತಿಗೆ ಈ ರಿಪೇರಿ ನಡೆಯುವುದಿಲ್ಲ. ಅಲ್ಲಿ ರಬ್ಬರ್ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತಿರುತ್ತದೆ, ಪ್ಯಾಚ್ ನಿಲ್ಲದು. ದೊಡ್ಡ ಗಾಯಗಳನ್ನು ಬಲಪಡಿಸಿದ ಪ್ಯಾಚ್ ಕೂರಿಸಿ, ರಬ್ಬರ್ ತುಂಬಿ ಬೇಯಿಸಿ ಸರಿಪಡಿಸುವ ಕಾರ್ಖಾನೆಗಳಿವೆ. ಆ ಟೈರುಗಳು ಹಿಂದಿನ ಚಕ್ರಕ್ಕೆ ಸರಿ, ಮುಂದಿನ ಚಕ್ರಕ್ಕೆ ಬೇಡ.

ಮೊಳೆಯನ್ನು ಅಲ್ಲೇ ಕಿತ್ತು ನೋಡುವ ಚಪಲ ಎಲ್ಲರಿಗೂ ಇದೆ. ರಿಪೇರಿ ಮಾಡುವ ಜಾಗ ತಲುಪುವವರೆಗೆ ತಡೆದುಕೊಳ್ಳಿ. ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ, ಸೋಪಿನ ನೀರು ಹಾಕಿ ಗುಳ್ಳೆ ಬರುತ್ತದೆಯೇ ನೋಡಿ. ವಾಲ್ವ್‌ಗೂ ಹಾಕಿ, ಪಂಕ್ಚರ್ ಎಂದು ಬಿಚ್ಚಿದ ಟೈರಿನಲ್ಲಿ ಏನೂ ಸಿಗದೆ, ಕೊನೆಗೆ ವಾಲ್ವ್ ಕೋರ್ ಸಡಿಲವಾಗಿತ್ತು ಎಂದು ತಿಳಿದರೆ ಅರ್ಧ ದಿನ ದಂಡ.

ಹೆಜ್ಜೆ 5: ಟ್ರೆಡ್

ಕಿತ್ತುಹೋದ ರಬ್ಬರ್ ಚೂರುಗಳು ಕಣ್ಣಿಗೆ ಭಯಂಕರವಾಗಿ ಕಂಡರೂ, ಕಲ್ಲುದಾರಿಯಲ್ಲಿ ಓಡುವ ಟೈರಿಗೆ ಅದು ಮಾಮೂಲು. ತಳದಲ್ಲಿ ಬೆಲ್ಟಿನ ಉಕ್ಕು ಕಾಣದಿದ್ದರೆ ಓಡಿಸಬಹುದು. ತೋಡುಗಳಲ್ಲಿ ಸಿಕ್ಕಿಕೊಂಡ ಕಲ್ಲುಗಳನ್ನು ತೆಗೆಯಿರಿ; ಬಿಟ್ಟರೆ ಅವು ಪ್ರತಿ ಸುತ್ತಿಗೂ ಒಳಕ್ಕೆ ಕೊರೆಯುತ್ತಾ ಬೆಲ್ಟನ್ನೇ ಮುಟ್ಟುತ್ತವೆ. ಬ್ರೇಕ್ ಕಚ್ಚಿ ಒಂದೇ ಕಡೆ ಸವೆದು ಚಪ್ಪಟೆಯಾದ ಜಾಗದಲ್ಲಿ ಉಕ್ಕು ಕಂಡರೆ ಇಳಿಸಿ.

ನಿಜವಾಗಿ ಹುಡುಕಬೇಕಾದದ್ದು ಪದರ ಬಿಟ್ಟುಕೊಂಡ ಗುರುತು. ಚಕ್ರವನ್ನು ಜಾಕ್ ಮೇಲೆತ್ತಿ ನಿಧಾನವಾಗಿ ತಿರುಗಿಸಿ, ಟ್ರೆಡ್ ಒಂದು ಕಡೆ ಎದ್ದಿದೆಯೇ, ಒಂದು ಜಾಗ ಮಾತ್ರ ಉಳಿದದ್ದಕ್ಕಿಂತ ಬೇಗ ಸವೆದಿದೆಯೇ ನೋಡಿ. ಚಾಲಕನನ್ನೂ ಕೇಳಿ. "ಎರಡು ದಿನದಿಂದ ಸ್ಟಿಯರಿಂಗ್ ಕೈಯಲ್ಲಿ ಅದುರುತ್ತಿದೆ, ನಿನ್ನೆಗಿಂತ ಇವತ್ತು ಜಾಸ್ತಿ" ಎಂದರೆ ಅವನು ಬೆಲ್ಟ್ ಬಿಡುತ್ತಿರುವುದನ್ನೇ ವರ್ಣಿಸುತ್ತಿರಬಹುದು. ರೀಟ್ರೆಡ್ ಮಾಡಿದ ಟೈರಾದರೆ ಹಳೆಯ ಮೈ ಮತ್ತು ಹೊಸ ರಬ್ಬರ್ ಕೂಡುವ ಅಂಚಿನ ಸುತ್ತ ದಬ್ಬಳ ಆಡಿಸಿ. ತುದಿ ಒಳಕ್ಕೆ ಜಾರಿದರೆ ಅಂಟು ಬಿಡುತ್ತಿದೆ.

ಆಳದ ಲೆಕ್ಕ: ತೋಡಿನೊಳಗಿನ ಸವಕಳಿ ಗುಬ್ಬಿಗಳು ಸಾಮಾನ್ಯವಾಗಿ 1.6 ಮಿಲಿಮೀಟರ್ ಎತ್ತರಕ್ಕಿರುತ್ತವೆ. ಅಮೆರಿಕದಲ್ಲಿ ಲಾರಿಯ ಮುಂದಿನ ಚಕ್ರಕ್ಕೆ ಅದರ ಎರಡು ಪಟ್ಟು, 3.2 ಮಿಲಿಮೀಟರ್ ಬೇಕು. ನಿಮ್ಮ ಕಡೆಯ ಕಾನೂನು ಏನೇ ಇರಲಿ, ಮುಂದಿನ ಚಕ್ರಕ್ಕೆ ಈ ಅಂಕಿಯನ್ನು ಹಿಡಿದರೆ ನಷ್ಟವಿಲ್ಲ.

ಹೆಜ್ಜೆ 6: ಜೋಡಿ ಚಕ್ರದ ಒಳಗಿನ ಟೈರ್

ಹಿಂದಿನ ಜೋಡಿಯಲ್ಲಿ ಒಳಗಿನ ಟೈರನ್ನು ಯಾರೂ ನೋಡುವುದಿಲ್ಲ. ಅದರ ಗಾಳಿ ಇಳಿದರೂ ಲಾರಿ ವಾಲುವುದಿಲ್ಲ, ಏಕೆಂದರೆ ಹೊರಗಿನದು ಇಬ್ಬರ ಕೆಲಸ ಮಾಡುತ್ತಿರುತ್ತದೆ. 295/80 ಆರ್ 22.5 ಅಳತೆಯ ಒಂದು ಟೈರಿನ ಮೇಲೆ 152/148 ಎಂದು ಬರೆದಿರುತ್ತದೆ ಎನ್ನಿ. ಒಂಟಿಯಾಗಿ ಹಾಕಿದರೆ 3550 ಕಿಲೊ, ಜೋಡಿಯಲ್ಲಿ ತಲಾ 3150 ಕಿಲೊ ಹೊರಬಹುದು ಎಂದರ್ಥ. ಪೂರ್ತಿ ಲೋಡಿನಲ್ಲಿ ಒಂದು ಸತ್ತರೆ, 3550 ಹೊರಬೇಕಾದ ಟೈರಿನ ಮೇಲೆ 6300 ಕಿಲೊ ಬೀಳುತ್ತದೆ. ಆದ್ದರಿಂದ ಒಳಗಿನದು ಪಂಕ್ಚರ್ ಆಗಿ ಓಡಿದ್ದರೆ ಹೊರಗಿನದನ್ನೂ ಅನುಮಾನದಿಂದ ನೋಡಿ, ಅದರಲ್ಲಿ ಗಾಳಿ ಸರಿಯಾಗಿದ್ದರೂ.

ಎರಡರ ನಡುವೆ ಟಾರ್ಚ್ ಬಿಟ್ಟು ಸಿಕ್ಕಿದ ಕಲ್ಲು ಹುಡುಕಿ. ಎರಡೂ ಸೈಡ್‌ವಾಲ್ ಒಂದಕ್ಕೊಂದು ಉಜ್ಜಿ ನುಣುಪಾಗಿದ್ದರೆ, ಗಾಳಿ ಕಡಿಮೆಯಿದೆ ಅಥವಾ ನಡುವಿನ ಅಂತರ ಸಾಲದು. ಜೋಡಿಯಲ್ಲಿ ಒಂದನ್ನು ಬದಲಿಸುವಾಗ ವ್ಯಾಸ ಅಳೆಯಿರಿ. ದೊಡ್ಡ ಲಾರಿ ಟೈರುಗಳಲ್ಲಿ ವ್ಯತ್ಯಾಸ 12 ಮಿಲಿಮೀಟರ್ ದಾಟಬಾರದು. ದೊಡ್ಡದು ಹೆಚ್ಚು ಭಾರ ಹೊರುತ್ತದೆ, ಚಿಕ್ಕದು ರಸ್ತೆಯ ಮೇಲೆ ಎಳೆದಾಡಿ ಸವೆಯುತ್ತದೆ.

ಹೆಜ್ಜೆ 7: ಗಾಳಿ ಕಡಿಮೆಯಿದ್ದಾಗ ಓಡಿದ ಟೈರ್

ಎರಡನೆಯ ಪ್ರಶ್ನೆಗೆ ಬಂದೆವು. ಗಾಳಿ ಕಡಿಮೆಯಾದಾಗ ಸೈಡ್‌ವಾಲ್ ಪ್ರತಿ ಸುತ್ತಿಗೂ ಮಿತಿ ಮೀರಿ ಬಾಗುತ್ತದೆ. ತಂತಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಬಾಗಿಸಿ ಮುರಿಯುತ್ತೇವಲ್ಲ, ಅದೇ ಕ್ರಿಯೆ ಒಳಗೆ ನಡೆಯುತ್ತದೆ. ಒಂದು ತಂತಿ ಮುರಿದರೆ ಅದರ ಪಾಲು ಪಕ್ಕದ್ದಕ್ಕೆ. ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಪಂಕ್ಚರ್ ಹಾಕಿ ಪೂರ್ತಿ ಗಾಳಿ ತುಂಬುವಾಗ, ಸೊರಗಿದ ತಂತಿಗಳು ಒಂದರ ಹಿಂದೊಂದು ಹರಿದು, ಚೀಲದ ಜಿಪ್ ಎಳೆದಂತೆ ಸೈಡ್‌ವಾಲ್ ಒಂದಡಿ ಎರಡಡಿ ಉದ್ದಕ್ಕೆ ಬಾಯಿ ಬಿಡುತ್ತದೆ. ಈ ಬಗೆಯ ಒಡೆತಕ್ಕೆ ಜಿಪ್ಪರ್ ಎಂದೇ ಹೆಸರು; ಗಾಳಿ ತುಂಬುತ್ತಿದ್ದವರು ಸತ್ತ ಪ್ರಕರಣಗಳಿವೆ.

ಇಂಥ ಟೈರನ್ನು ಆಕ್ಸಲ್‌ನಿಂದ ತೆಗೆಯುವ ಮೊದಲೇ ವಾಲ್ವ್ ಕೋರ್ ಕಿತ್ತು ಗಾಳಿ ಪೂರ್ತಿ ಬಿಡಿ. ಜೋಡಿಯಾದರೆ ಎರಡರದ್ದೂ ಬಿಟ್ಟು ನಂತರ ನಟ್ ಸಡಿಲಿಸಿ. ರಿಮ್‌ನಿಂದ ಬಿಚ್ಚಿದ ಮೇಲೆ ಒಳಮೈಯನ್ನು ಒಣಬಟ್ಟೆಯಿಂದ ಒರೆಸಿ ನೋಡಿ. ಸುತ್ತಲೂ ಉಂಗುರದಂತೆ ಮಡಿಕೆ ಬಿದ್ದಿದೆಯೇ? ಒಳಪದರ ಸುಕ್ಕುಗಟ್ಟಿ ಬಣ್ಣ ಬದಲಾಗಿದೆಯೇ? ತಳದಲ್ಲಿ ಕಪ್ಪು ರಬ್ಬರ್ ಪುಡಿ ಉದುರಿದೆಯೇ? ಆ ಪುಡಿಯನ್ನು ಒಮ್ಮೆ ಬೆರಳಲ್ಲಿ ಉಜ್ಜಿ ನೋಡಿದವರು ಮರೆಯುವುದಿಲ್ಲ. ಟೈರ್ ತನ್ನನ್ನು ತಾನೇ ಒಳಗಿನಿಂದ ಅರೆದುಕೊಂಡಿದೆ. ನಂತರ ಸೈಡ್‌ವಾಲನ್ನು ಕೈಯಿಂದ ಒತ್ತಿ ಬಾಗಿಸಿ. ಮೆತ್ತಗೆ ಸೋತಂತೆ ಅನ್ನಿಸಿದರೆ ಅಥವಾ ಚಟಚಟ ಸದ್ದು ಬಂದರೆ ತಂತಿ ಮುರಿದಿದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಅಲೆಅಲೆಯಾದ ಏರಿಳಿತ ಕಾಣಬಹುದು. ಇವುಗಳಲ್ಲಿ ಒಂದು ಸಿಕ್ಕರೂ ಸಾಕು, ಟೈರ್ ಗುಜರಿಗೆ.

ಬಿಚ್ಚಿದಾಗಲೇ ಬೀಡ್ ಕೂಡ ನೋಡಿಬಿಡಿ. ರಾಡ್ ಹಾಕಿ ಎತ್ತುವಾಗ ಹರಿದು ಬೀಡ್‌ನ ತಂತಿ ಹೊರಬಂದಿದ್ದರೆ, ಬ್ರೇಕ್ ಡ್ರಮ್ಮಿನ ಬಿಸಿಗೆ ಬೆಂದು ಗಡುಸಾಗಿ ಬಿರಿದಿದ್ದರೆ, ಉಳಿದದ್ದೆಲ್ಲ ಚೆನ್ನಾಗಿದ್ದರೂ ಉಪಯೋಗವಿಲ್ಲ.

ಎಲ್ಲ ಪರೀಕ್ಷೆ ದಾಟಿದ ಟೈರಿಗೆ ಮತ್ತೆ ಗಾಳಿ ತುಂಬುವುದು ಕಬ್ಬಿಣದ ಪಂಜರದೊಳಗೆ ಮಾತ್ರ. ವಾಲ್ವ್‌ಗೆ ಕಚ್ಚಿಕೊಳ್ಳುವ ಕ್ಲಿಪ್, ಗೇಜ್ ಜೋಡಿಸಿದ ಉದ್ದನೆಯ ಪೈಪ್ ಬಳಸಿ ದೂರ ನಿಲ್ಲಿ. ಮೊದಲು 20 ಪಿಎಸ್‌ಐಗೆ ನಿಲ್ಲಿಸಿ ನೋಡಿ, ಕಿವಿಗೊಡಿ. ಸದ್ದಿಲ್ಲ, ಸೈಡ್‌ವಾಲ್ ಸೊಟ್ಟಗಿಲ್ಲ ಎಂದ ಮೇಲೆ ಮುಂದುವರಿಸಿ. ಪಂಜರಕ್ಕೆ ಒರಗಿ ನಿಲ್ಲುವವರನ್ನು ದಬಾಯಿಸಿ ಓಡಿಸಿ.

ಹೆಜ್ಜೆ 8: ಎಲ್ಲಿಗೆ ಹಾಕುವುದು

ಓಡಿಸಬಹುದು ಎಂದ ಟೈರ್ ಎಲ್ಲ ಜಾಗಕ್ಕೂ ಸರಿ ಎಂದಲ್ಲ. ಮುಂದಿನ ಚಕ್ರ ಸಿಡಿದರೆ ಸ್ಟಿಯರಿಂಗ್ ಕೈತಪ್ಪುತ್ತದೆ, ಪಕ್ಕದಲ್ಲಿ ಭಾರ ಹಂಚಿಕೊಳ್ಳಲು ಇನ್ನೊಂದು ಟೈರ್ ಇರುವುದಿಲ್ಲ. ಮೇಲ್ಮೈ ಸೀಳಿರುವುದು, ರೀಟ್ರೆಡ್ ಆದದ್ದು, ದೊಡ್ಡ ರಿಪೇರಿ ಕಂಡದ್ದು, ಇವೆಲ್ಲ ಹಿಂದಕ್ಕೆ ಹೋಗಲಿ. ಹೊರಗಿನ ಚಕ್ರಕ್ಕೆ ಹಾಕಿದರೆ ದಿನವೂ ಕಣ್ಣಿಗೆ ಬೀಳುತ್ತದೆ. ಅನುಮಾನವಿರುವ ಟೈರನ್ನು ಒಳಗೆ ಬಚ್ಚಿಡಬೇಡಿ.

ಇಳಿಸಬೇಕು ಎಂದು ತೀರ್ಮಾನವಾದರೆ ಅಲ್ಲಿಯೇ ಇಳಿಸಿ. "ಮುಂದಿನ ಊರಿನವರೆಗೆ ಮೆಲ್ಲಗೆ" ಎಂಬುದನ್ನು ನಾನು ಒಪ್ಪುವುದಿಲ್ಲ. ನಿಧಾನವಾಗಿ ಓಡಿಸಿದರೆ ಬಿಸಿ ಕಡಿಮೆಯಾಗುತ್ತದೆ, ಆದರೆ ಚಕ್ರದ ಮೇಲಿನ ಭಾರ ಒಂದು ಕಿಲೊ ಕೂಡ ಇಳಿಯುವುದಿಲ್ಲ. ಸ್ಟೆಪ್ನಿ ಹಾಕಿ. ಹಾಕುವ ಮೊದಲು ಅದರ ಮೇಲೂ ಇದೇ ಟಾರ್ಚ್, ಇದೇ ಗೇಜ್ ಆಡಿಸಿ.

ಇನ್ನು ಕಿತ್ತು ಹಾಕಿದ ಟೈರ್. ಒಂದು ಸಲ ಬೀಡ್ ಹರಿದದ್ದೆಂದು ನಾನೇ ಗೋಡೆಗೆ ಒರಗಿಸಿ ಇಟ್ಟಿದ್ದ ಟೈರ್, ಎರಡು ತಿಂಗಳ ನಂತರ ಇನ್ನೊಂದು ಲಾರಿಯ ಸ್ಟೆಪ್ನಿ ಜಾಗದಲ್ಲಿ ಕಾಣಿಸಿತು. ರಾತ್ರಿಪಾಳಿಯವರು ಟ್ರೆಡ್ ಚೆನ್ನಾಗಿದೆ ಎಂದು ಎತ್ತಿ ಕಟ್ಟಿದ್ದರು. ಅಂದಿನಿಂದ ತಿರಸ್ಕರಿಸಿದ ಟೈರಿನ ಎರಡೂ ಸೈಡ್‌ವಾಲ್ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡ ಅಡ್ಡಗೆರೆ ಎಳೆಸಿ, ಬೀಡ್ ಕತ್ತರಿಸಿಯೇ ಹೊರಗೆ ಹಾಕಿಸುತ್ತೇನೆ.